ಎದ್ದು ನಿಂತರೆ ಸಾಲದು: ಮನೆಯ ಹಿರಿಯರನ್ನು, ಚರ್ಚಿನ ಹಿರಿಯರನ್ನು ಗೌರವಿಸುವ ಬಗೆ

ತಂದೆತಾಯಿಗಳನ್ನು ಸನ್ಮಾನಿಸಬೇಕು ಅನ್ನುವ ಆಜ್ಞೆಯನ್ನು ನಾವು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಐದನೆಯ ಆಜ್ಞೆ ಅದು, ಕಥೋಲಿಕರ ಎಣಿಕೆಯಲ್ಲಿ ನಾಲ್ಕನೆಯದು. ಮಕ್ಕಳಿಗೆ ಕಲಿಸುವುದು ಒಳ್ಳೆಯದೇ. ಆದರೆ ಆ ಆಜ್ಞೆ ಮೊದಲು ಬಂದಿದ್ದು ದೊಡ್ಡವರಿಗೆ. ಸೀನಾಯಿ ಬೆಟ್ಟದ ಕೆಳಗೆ ನಿಂತು ಕೇಳಿಸಿಕೊಂಡವರಲ್ಲಿ ಹೆಂಡತಿ ಮಕ್ಕಳು, ದನಕರು ಎಲ್ಲ ಇದ್ದ ಸಂಸಾರಸ್ಥರಿದ್ದರು. ಅವರ ಡೇರೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರು, ಅವರನ್ನೂ ಕರೆದುಕೊಂಡು ಮರಳುಗಾಡು ದಾಟಬೇಕಿತ್ತು.

ಯೇಸುಸ್ವಾಮಿ ಈ ಆಜ್ಞೆಯ ಬಗ್ಗೆ ಮಾತಾಡಿದಾಗ (ಮಾರ್ಕ 7ನೇ ಅಧ್ಯಾಯ) ನಮಸ್ಕಾರದ ವಿಷಯ ಎತ್ತಲಿಲ್ಲ, ದುಡ್ಡಿನ ವಿಷಯ ಎತ್ತಿದರು. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಅಂದುಬಿಟ್ಟರೆ ಆಮೇಲೆ ಅವರಿಗೆ ಏನೂ ಕೊಡಬೇಕಾಗಿಲ್ಲ ಅಂತ ಕೆಲವರು ದಾರಿ ಮಾಡಿಕೊಂಡಿದ್ದರು. ಇದು ದೇವರ ಮಾತನ್ನೇ ನಿರರ್ಥಕ ಮಾಡುವ ಕೆಲಸ ಅಂತ ಯೇಸು ನೇರವಾಗಿ ಹೇಳಿದರು. ಪೌಲ ಇನ್ನೂ ಖಡಕ್ಕಾಗಿ ಬರೆಯುತ್ತಾನೆ: ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಬಿಟ್ಟವನು (1 ತಿಮೊಥೆಯ 5:8). ಚರ್ಚಿನ ಕಟ್ಟಡಕ್ಕೆ ಧಾರಾಳವಾಗಿ ಕೊಟ್ಟು, ಅಮ್ಮನ ಕಣ್ಣಿನ ಆಪರೇಷನ್ನನ್ನು ‘ಮುಂದಿನ ವರ್ಷ ನೋಡೋಣ’ ಅನ್ನುವವರು ಮಾರ್ಕನ ಆ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಹಾಗಾಗಿ ಇಲ್ಲಿ ಬರೆದಿರುವುದು ಹೆಚ್ಚಾಗಿ ಕೈಯಿಂದ ಮಾಡುವ ಕೆಲಸಗಳ ಬಗ್ಗೆ. ನರೆಗೂದಲಿನವರ ಮುಂದೆ ಎದ್ದು ನಿಲ್ಲಬೇಕು ಅಂತ ಯಾಜಕಕಾಂಡ 19:32 ಹೇಳುತ್ತದೆ. ಎದ್ದ ಮೇಲೆ ಏನು ಮಾಡಬೇಕು ಅನ್ನುವುದೇ ನಮಗೆ ಗೊತ್ತಾಗಬೇಕಾದದ್ದು.

ಮೊದಲು ಅವರನ್ನೇ ಕೇಳಿ

ನಾವು ಮಕ್ಕಳು ಸಾಮಾನ್ಯವಾಗಿ ತೀರ್ಮಾನ ಮಾಡಿಕೊಂಡೇ ಅಪ್ಪ ಅಮ್ಮನ ಹತ್ತಿರ ಹೋಗುತ್ತೇವೆ. ‘ಊರಲ್ಲಿ ಒಬ್ಬರೇ ಯಾಕೆ ಇರ್ತೀರಿ, ಬೆಂಗಳೂರಿಗೆ ಬನ್ನಿ, ರೂಮು ರೆಡಿ ಇದೆ.’ ಪ್ರೀತಿಯಿಂದಲೇ ಹೇಳುತ್ತೇವೆ, ಸುಳ್ಳಲ್ಲ. ಆದರೆ ಅವರು ‘ಬೇಡ’ ಅಂದರೆ ಕೋಪ ಬರುತ್ತದೆ ಅಲ್ವಾ?

2 ಸಮುವೇಲ 19ರಲ್ಲಿ ಬರ್ಜಿಲ್ಲೈ ಅನ್ನುವ ಮುದುಕನ ಕಥೆ ಇದೆ. ಪ್ರಸಂಗಗಳಲ್ಲಿ ಅಷ್ಟಾಗಿ ಕೇಳಿಬರದ ಕಥೆ. ದಾವೀದ ತನ್ನ ಮಗ ಅಬ್ಷಾಲೋಮನಿಗೆ ಹೆದರಿ ಓಡಿಹೋದಾಗ ಅವನಿಗೂ ಅವನ ಜನರಿಗೂ ಊಟ, ಹಾಸಿಗೆ ಕೊಟ್ಟು ಸಾಕಿದವರಲ್ಲಿ ಗಿಲ್ಯಾದಿನ ಈ ಶ್ರೀಮಂತನೂ ಒಬ್ಬ. ದಾವೀದ ಗೆದ್ದು ಹಿಂದಿರುಗುವಾಗ, ನನ್ನ ಜೊತೆ ಯೆರೂಸಲೇಮಿಗೆ ಬಾ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ಕರೆದ. ರಾಜನೇ ಕರೆದದ್ದು! ಬರ್ಜಿಲ್ಲೈ ಒಪ್ಪಲಿಲ್ಲ. ನನಗೀಗ 80 ವರ್ಷ, ತಿಂದದ್ದರ ರುಚಿ ಗೊತ್ತಾಗುವುದಿಲ್ಲ, ಹಾಡುವವರ ದನಿ ಕೇಳಿಸುವುದಿಲ್ಲ, ನಿನಗೆ ನಾನು ಯಾಕೆ ಹೊರೆಯಾಗಲಿ, ನನ್ನ ಊರಿನಲ್ಲೇ ನನ್ನ ಅಪ್ಪ ಅಮ್ಮನ ಸಮಾಧಿಯ ಹತ್ತಿರ ಸಾಯಲು ಬಿಡು ಅಂದ. ಬೇಕಿದ್ದರೆ ಈ ಕಿಮ್ಹಾಮನನ್ನು ಕರೆದುಕೊಂಡು ಹೋಗು ಅಂತ ಒಬ್ಬ ಹುಡುಗನನ್ನು ಮುಂದೆ ಮಾಡಿದ.

ದಾವೀದ ಆಗ ಏನು ಮಾಡಿದ? ವಾದ ಮಾಡಲಿಲ್ಲ. ಕಿಮ್ಹಾಮನನ್ನು ಕರೆದುಕೊಂಡ, ಮುದುಕನಿಗೆ ಮುದ್ದಿಟ್ಟು ಆಶೀರ್ವದಿಸಿದ, ಮನೆಗೆ ಕಳುಹಿಸಿಕೊಟ್ಟ. ಅಷ್ಟಕ್ಕೇ ಮರೆಯಲೂ ಇಲ್ಲ, ತಾನು ಸಾಯುವಾಗ ಬರ್ಜಿಲ್ಲೈಯ ಮಕ್ಕಳಿಗೆ ಒಳ್ಳೆಯದು ಮಾಡು ಅಂತ ಸೊಲೊಮೋನನಿಗೆ ಹೇಳಿಹೋದ (1 ಅರಸುಗಳು 2:7).

ನಿಮ್ಮ ಮನೆಯಲ್ಲೂ ಇದೇ ಕ್ರಮ ಇಟ್ಟುಕೊಳ್ಳಬಹುದು. ಅರ್ಧ ಗಂಟೆ ಬಿಡುವು ಮಾಡಿಕೊಂಡು, ಫೋನು ಆಚೆ ಇಟ್ಟು, ಪಕ್ಕದಲ್ಲಿ ಕೂತು ಕೇಳಿ. ಎಲ್ಲಿ ಇರಲು ಇಷ್ಟ? ಯಾವ ಕೆಲಸ ಈಗ ಕಷ್ಟ ಆಗುತ್ತಿದೆ? ಯಾವುದನ್ನು ನೀವೇ ಮಾಡಿಕೊಳ್ಳಬೇಕು ಅಂತಿದೆ? ರಾತ್ರಿ ಹೆದರಿಕೆ ಆಗುತ್ತದಾ? ಎಲ್ಲವನ್ನೂ ಒಂದೇ ಸಲ ಕೇಳಿದರೆ ಅದು ವಿಚಾರಣೆ ಆಗುತ್ತದೆ, ಎರಡು ಮೂರು ಭೇಟಿಯಲ್ಲಿ ಕೇಳಿ. ಊರಲ್ಲೇ ಇರ್ತೀನಿ ಅಂದರೆ ಅಲ್ಲಿ ಇರಲು ಏನು ಬೇಕೋ ಅದನ್ನು ಮಾಡಿಕೊಡಿ: ಬೆಳಿಗ್ಗೆ ಸಂಜೆ ಬಂದು ಹೋಗುವ ಒಬ್ಬರು, ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ, ದಿನಾ ಒಂದೇ ಹೊತ್ತಿಗೆ ನಿಮ್ಮ ಫೋನು. ಒಬ್ಬರೇ ಇರುವುದು ನಿಜವಾಗಿಯೂ ಅಪಾಯ ಅನ್ನುವ ಸ್ಥಿತಿ ಬಂದರೆ ಬೇರೆ ಮಾತು. ಆಗಲೂ ಮನೆ ಖಾಲಿ ಮಾಡುವ ಮುಂಚೆ ಯಾವ ಸಾಮಾನು ಜೊತೆಗೆ ಬರಬೇಕು ಅಂತ ಅವರೇ ಹೇಳಲಿ.

ಆಸ್ಪತ್ರೆಯಲ್ಲೂ ಇದನ್ನೇ ಮಾಡಿ. ಡಾಕ್ಟರು ನಿಮ್ಮ ಮುಖ ನೋಡಿ ‘ಇವರಿಗೆ ನಿದ್ದೆ ಬರುತ್ತಾ’ ಅಂತ ಕೇಳಿದರೆ, ‘ಅಪ್ಪಾ, ಡಾಕ್ಟರು ನಿದ್ದೆ ಬಗ್ಗೆ ಕೇಳ್ತಿದ್ದಾರೆ’ ಅಂತ ಪ್ರಶ್ನೆಯನ್ನು ಅಪ್ಪನ ಕಡೆಗೆ ತಿರುಗಿಸಿ. ಉತ್ತರ ಕೊಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗಬಹುದು, ಕಾಯಿರಿ.

ಕಿವಿ, ಕಣ್ಣು, ಕಾಲು

ವಯಸ್ಸಾದವರ ಮೇಲೆ ನಾವು ರೇಗುವುದು ಹೆಚ್ಚಾಗಿ ಕಿವಿಯ ಕಾರಣಕ್ಕೆ. ‘ಎಷ್ಟು ಸಲ ಹೇಳೋದು’ ಅನ್ನುವ ಮಾತು ಅವರನ್ನು ಚುಚ್ಚುತ್ತದೆ, ಆಮೇಲೆ ಅವರು ಕೇಳುವುದನ್ನೇ ಬಿಡುತ್ತಾರೆ. ಕೇಳಿಸದಿದ್ದರೂ ನಕ್ಕು ತಲೆಯಾಡಿಸುತ್ತಾರೆ. ನಾವು ಆರಾಮಾಗಿದ್ದಾರೆ ಅಂದುಕೊಳ್ಳುತ್ತೇವೆ.

ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ತೆಳು ದನಿಗಳು. ಸ, ಷ, ಫ ತರಹದ ಅಕ್ಷರಗಳು ಮಸುಕಾಗುತ್ತವೆ. ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಮೊಮ್ಮಕ್ಕಳ ಮಾತು ಇನ್ನೂ ಕಷ್ಟ. ಕೂಗಿದರೆ ಪ್ರಯೋಜನ ಇಲ್ಲ, ಕೂಗಿದಾಗ ಶಬ್ದ ಜಾಸ್ತಿಯಾಗುತ್ತದೆ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಎದುರಿಗೆ ಬನ್ನಿ, ಮುಖದ ಮೇಲೆ ಬೆಳಕು ಬೀಳುವ ಹಾಗೆ ನಿಲ್ಲಿ, ಟೀವಿ ಆರಿಸಿ, ಕೀರಲು ದನಿ ಬಿಟ್ಟು ಸ್ವಲ್ಪ ದಪ್ಪ ದನಿಯಲ್ಲಿ ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ.

ಕಿವಿ ಪರೀಕ್ಷೆ ಮಾಡಿಸಿ, ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ, ಆ ಕಡೆ ಇರುವವರು ಅಲ್ಲಿಗೇ ಹೋಗಬಹುದು. ಹಿಯರಿಂಗ್ ಏಡ್ ತಂದ ಮೊದಲ ವಾರಗಳಲ್ಲಿ ಪಾತ್ರೆ ಸದ್ದು, ಫ್ಯಾನಿನ ಸದ್ದು ಎಲ್ಲ ಜೋರಾಗಿ ಕೇಳಿ ಹಿಂಸೆಯಾಗುತ್ತದೆ. ಆಗ ತೆಗೆದು ಪೆಟ್ಟಿಗೆಯಲ್ಲಿಟ್ಟರೆ ಮತ್ತೆ ಹಾಕುವುದೇ ಇಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಹಾಕಿಸಿ, ಮೆಲ್ಲಗೆ ಹೆಚ್ಚಿಸಿ, ಹೊಂದಾಣಿಕೆ ಮಾಡಿಸಲು ವಾಪಸ್ ಕರೆದುಕೊಂಡು ಹೋಗಿ. ತಾಳ್ಮೆ ಬೇಡುವ ಕೆಲಸ ಇದು, ಹಾಗಾಗಿಯೇ ಇದನ್ನು ಮಕ್ಕಳು ಮಾಡಬೇಕು.

ಕಣ್ಣಿನ ಪೊರೆಯ ಆಪರೇಷನ್ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಆಗುತ್ತದೆ, ಮುಂದೂಡಬೇಡಿ. ದೊಡ್ಡ ಅಕ್ಷರದ ಸತ್ಯವೇದ ತಂದುಕೊಡಿ. ಕಣ್ಣು ಪೂರ್ತಿ ಮಂಜಾಗಿದ್ದರೆ ಫೋನಿನಲ್ಲಿ ಆಡಿಯೋ ಸತ್ಯವೇದ ಹಾಕಿಕೊಟ್ಟು, ಒತ್ತುವುದು ಎಲ್ಲಿ ಅಂತ ಬೆರಳು ಹಿಡಿದು ಕಲಿಸಿ. ನೀವು ಓದಿ ಹೇಳುವುದಾದರೆ ಅವರು ಬಾಯಿಪಾಠ ಮಾಡಿರುವ ಹಳೆಯ ಅನುವಾದದಲ್ಲೇ ಓದಿ. ಹೊಸ ಅನುವಾದ ನಮಗೆ ಸುಲಭ, ಆದರೆ ಅವರು ಜೊತೆಗೆ ಹೇಳಿಕೊಳ್ಳುವುದು ಹಳೆಯದನ್ನು.

ಕಾಲಿನ ವಿಷಯ ಚಿಕ್ಕದು, ಆದರೆ ಮೂಳೆ ಮುರಿದರೆ ಎಲ್ಲವೂ ಬದಲಾಗುತ್ತದೆ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ಜಾರದ ನೆಲ, ರಾತ್ರಿ ಬೆಳಗುವ ಚಿಕ್ಕ ದೀಪ, ಎಡವುವ ಕಾಲೊರಸು ಬೇಡ. ಒಂದು ಬಡಗಿ, ಒಂದು ಮಧ್ಯಾಹ್ನ, ಅಷ್ಟೆ. ಹಾಸಿಗೆಯಿಂದ ತಟ್ಟನೆ ಏಳಬಾರದು, ಒಂದು ನಿಮಿಷ ಕೂತು ಏಳಬೇಕು, ಎದ್ದ ಕೂಡಲೇ ಬಿ.ಪಿ. ಇಳಿದು ತಲೆ ಸುತ್ತುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಇಬ್ಬರು ಡಾಕ್ಟರು ಒಂದೇ ಔಷಧಿಯನ್ನು ಬೇರೆ ಬೇರೆ ಹೆಸರಲ್ಲಿ ಬರೆದುಕೊಟ್ಟಿರಬಹುದು.

ಆರೈಕೆ ಯಾರು ಮಾಡಬೇಕು

ಇಲ್ಲಿ ನಾನು ನೇರವಾಗಿ ಹೇಳುತ್ತೇನೆ. ಆಜ್ಞೆ ‘ನಿನ್ನ ತಂದೆತಾಯಿ’ ಅನ್ನುತ್ತದೆ. ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮಗ ‘ಅಮ್ಮ ನಮ್ಮ ಜೊತೆಗೇ ಇದ್ದಾರೆ’ ಅಂತ ಹೆಮ್ಮೆಯಿಂದ ಹೇಳುತ್ತಾನೆ. ಸ್ನಾನ ಮಾಡಿಸುವುದು, ಬಟ್ಟೆ ಒಗೆಯುವುದು, ರಾತ್ರಿ ಎದ್ದು ನೀರು ಕೊಡುವುದು ಸೊಸೆ. ರೂತಳು ಅತ್ತೆ ನೊವೊಮಿಯನ್ನು ನೋಡಿಕೊಂಡದ್ದು ನಿಜ, ಅದಕ್ಕೆ ಊರೇ ಅವಳನ್ನು ಹೊಗಳಿತು. ಆದರೆ ರೂತಳ ಗಂಡ ತೀರಿಕೊಂಡಿದ್ದ. ಬದುಕಿರುವ ಗಂಡಂದಿರು ಆ ಕಥೆಯನ್ನು ಹೆಂಡತಿಗೆ ಪಾಠ ಹೇಳಲು ಬಳಸುವುದು ನ್ಯಾಯ ಅಲ್ಲ. ಅಪ್ಪನಿಗೆ ಶೇವ್ ಮಾಡುವುದು, ಉಗುರು ಕತ್ತರಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಡೈಪರ್ ಬದಲಿಸುವುದು ಗಂಡುಮಕ್ಕಳು ಕಲಿಯಬಹುದಾದ ಕೆಲಸಗಳು. ಯೇಸು ಟವಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ದಿನ ನೆನೆಯುತ್ತೇವಲ್ಲ.

ಅಣ್ಣ ತಮ್ಮ, ಅಕ್ಕ ತಂಗಿಯರಿದ್ದರೆ ಎಲ್ಲರೂ ಒಮ್ಮೆ ಕೂತು, ದುಬೈನಲ್ಲಿರುವವರು ಫೋನಿನಲ್ಲಾದರೂ ಸೇರಿ, ಯಾರು ಏನು ಮಾಡುತ್ತೀರಿ ಅಂತ ಬರೆದಿಡಿ. ದೂರ ಇರುವವರು ಪ್ರತಿ ತಿಂಗಳು ತಪ್ಪದೆ ಹಣ ಕಳಿಸಲಿ, ವರ್ಷಕ್ಕೊಮ್ಮೆ ಬಂದಾಗ ಅಪ್ಪ ಅಮ್ಮನ ಪೂರ್ತಿ ಜವಾಬ್ದಾರಿ ತೆಗೆದುಕೊಂಡು, ದಿನಾ ನೋಡಿಕೊಳ್ಳುವವರನ್ನು ಒಂದು ವಾರ ಎಲ್ಲಾದರೂ ಹೋಗಿಬರಲು ಬಿಡಲಿ. ಬಂದವರು ಎರಡು ದಿನ ಇದ್ದು ‘ಅಮ್ಮ ಇಷ್ಟು ಸೊರಗಿದ್ದಾರೆ, ಸರಿಯಾಗಿ ಊಟ ಹಾಕ್ತಿಲ್ವಾ’ ಅಂತ ಕೇಳಿ ಹೊರಟುಹೋಗಬಾರದು.

ವೃದ್ಧಾಶ್ರಮದ ಬಗ್ಗೆ ನಮ್ಮ ಜನರಲ್ಲಿ ತುಂಬಾ ನಾಚಿಕೆ ಇದೆ. ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವೇ ಇಲ್ಲದ ಸ್ಥಿತಿ ಇರುತ್ತದೆ, ಅಂಥವರನ್ನು ಯಾರೂ ದೂರಬಾರದು. ಹೇಳದೆ ಕೇಳದೆ ಒಂದು ದಿನ ಹೋಗಿ ಊಟದ ಹೊತ್ತಿನಲ್ಲಿ ನೋಡಿ, ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ ಅಂತ ಕೇಳಿ, ವಾಸನೆ ಗಮನಿಸಿ. ಸೇರಿಸಿದ ಮೇಲೆ ವಾರ ವಾರ ಹೋಗಿ.

ಇನ್ನೊಂದು ಮಾತು. ಕೆಲವರ ಅಪ್ಪಂದಿರು ಕುಡಿದು ಹೊಡೆದವರು, ಮನೆ ಬಿಟ್ಟು ಹೋಗಿ ಮುಪ್ಪಿನಲ್ಲಿ ವಾಪಸ್ ಬಂದವರು. ಅಂಥ ಮಕ್ಕಳಿಗೆ ‘ಸನ್ಮಾನಿಸು’ ಅಂತ ಬರೀ ವಚನ ತೋರಿಸುವುದು ಸುಲಭ. ಅವರ ಊಟ, ಔಷಧಿ, ಮಲಗಲು ಜಾಗ ನೋಡಿಕೊಂಡರೆ ಆಜ್ಞೆಯನ್ನು ಪಾಲಿಸಿದ ಹಾಗೇ ಅನ್ನುವುದು ನನ್ನ ನಂಬಿಕೆ. ಆದದ್ದು ಆಗಲಿಲ್ಲ ಅಂತ ನಟಿಸಬೇಕಾಗಿಲ್ಲ. ಒಂದೇ ಮನೆಯಲ್ಲಿ ಇರಬೇಕೆಂದೂ ಇಲ್ಲ. ಕ್ಷಮೆ ಅದರ ಹೊತ್ತಿಗೆ ಬರಲಿ, ಅದಕ್ಕಾಗಿ ಪ್ರಾರ್ಥಿಸಿ.

ದುಡ್ಡು, ಆಸ್ತಿ, ಕಾಗದಪತ್ರ

ಇದು ಆತ್ಮಿಕ ವಿಷಯ ಅಲ್ಲ ಅಂದುಕೊಳ್ಳಬೇಡಿ. ಯೇಸು ಶಿಲುಬೆಯ ಮೇಲೆ ನೇತಾಡುತ್ತಾ, ಉಸಿರಾಡಲೂ ಕಷ್ಟವಾಗಿದ್ದಾಗ ಮಾಡಿದ ಕೆಲಸಗಳಲ್ಲಿ ಒಂದು, ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಅಂತ ಗೊತ್ತುಮಾಡಿದ್ದು. ಮರಿಯಮ್ಮನನ್ನು ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸಿದರು, ಆ ಶಿಷ್ಯ ಆವತ್ತಿನಿಂದಲೇ ಆಕೆಯನ್ನು ತನ್ನ ಮನೆಗೆ ಕರೆದುಕೊಂಡ (ಯೋಹಾನ 19:26-27).

ನಮ್ಮ ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲದ ಒಂದು ಕಾನೂನಿನ ವಿಷಯ ಹೇಳುತ್ತೇನೆ. ಕ್ರೈಸ್ತರಿಗೆ ಸಾಮಾನ್ಯವಾಗಿ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಗಂಡ ವಿಲ್ ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಮೂರನೇ ಒಂದು ಭಾಗ ಹೆಂಡತಿಗೆ, ಮೂರನೇ ಎರಡು ಭಾಗ ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ ಸಮನಾಗಿ ಹೋಗುತ್ತದೆ. ಸರಿ. ಆದರೆ ತೀರಿಕೊಂಡವನಿಗೆ ಮಕ್ಕಳಿದ್ದರೆ ಅವನ ತಾಯಿಗೆ ಆ ಆಸ್ತಿಯಲ್ಲಿ ಏನೂ ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿಗೂ ಪಾಲಿದೆ, ನಮ್ಮದರಲ್ಲಿ ಇಲ್ಲ. ಅಂದರೆ 75 ವರ್ಷದ ವಿಧವೆ ತಾಯಿ ಮಗನ ಮನೆಯಲ್ಲಿ ಮಗನ ದುಡಿಮೆಯಲ್ಲಿ ಬದುಕುತ್ತಿದ್ದು, ಮಗ ಅಪಘಾತದಲ್ಲಿ ಹೋಗಿಬಿಟ್ಟರೆ, ಮುಂದೆ ಆಕೆ ಸೊಸೆಯ, ಮೊಮ್ಮಕ್ಕಳ ಒಳ್ಳೆಯತನವನ್ನು ನಂಬಿಕೊಂಡೇ ಇರಬೇಕು.

ಹಾಗಾಗಿ ನಿಮ್ಮ ಮೇಲೆ ಅಪ್ಪ ಅಮ್ಮ ಆಧಾರವಾಗಿದ್ದರೆ ನೀವು ವಿಲ್ ಬರೆಯಬೇಕು. ನಿಮಗೆ 40 ವರ್ಷವಾಗಿದ್ದರೂ ಬರೆಯಬೇಕು. ಅಮ್ಮನಿಗೆ ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು, ತಿಂಗಳ ಖರ್ಚಿಗೆ ಒಂದು ಠೇವಣಿ, ಇಷ್ಟನ್ನಾದರೂ ಅದರಲ್ಲಿ ಸೇರಿಸಿ. ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ವಿಲ್ಲಿನಿಂದ ಲಾಭ ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಹಾಕಬಾರದು, ಹಾಕಿದರೆ ಅವರಿಗೆ ಬರೆದ ಪಾಲು ಸಿಗುವುದಿಲ್ಲ. ಮತ್ತೆ, ವಿಲ್ ಬರೆದ ಮೇಲೆ ಮದುವೆಯಾದರೆ ಹಳೆಯ ವಿಲ್ ತಾನೇ ರದ್ದಾಗುತ್ತದೆ. ಹೆಂಡತಿ ತೀರಿಕೊಂಡು ಮತ್ತೆ ಮದುವೆಯಾದವರು ಇದನ್ನು ನೆನಪಿಟ್ಟುಕೊಳ್ಳಲಿ.

ಹಿರಿಯರಿಗೂ ಒಂದು ಮಾತು. ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಮುಂಚೆ ಸಾಕಷ್ಟು ಯೋಚಿಸಿ. ವಿಲ್ಲನ್ನು ಬದಲಾಯಿಸಬಹುದು, ದಾನಪತ್ರವನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಕೊಡಲೇಬೇಕಾದರೆ ‘ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು’ ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರಲ್ಲಿ ಬಂದ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಬಹುದು. ಅದೇ ಕಾಯ್ದೆಯಲ್ಲಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಲು ಅವಕಾಶ ಇದೆ, ಅರ್ಜಿ ಕೊಡುವುದು ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಮುಂದೆ. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ‘ಕುಟುಂಬದ ಮರ್ಯಾದೆ’ ಅಂತ ಮುಚ್ಚಿಡಬೇಡಿ, ಪಾಸ್ಟರಿಗೂ ಹೇಳಿ, ಈ ಸಂಖ್ಯೆಗೂ ಫೋನ್ ಮಾಡಿ.

ಇಸಾಕನ ಕಣ್ಣು ಮಂಜಾಗಿದ್ದಾಗ ಹೆಂಡತಿ ರೆಬೆಕ್ಕಳೂ ಕಿರಿಯ ಮಗ ಯಾಕೋಬನೂ ಸೇರಿ, ಹಿರಿಯ ಮಗನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಮೋಸದಿಂದ ಪಡೆದದ್ದು ನಮಗೆಲ್ಲ ಗೊತ್ತು. ಆ ಮನೆ ಅದರಿಂದ ಒಡೆದುಹೋಯಿತು. ಕಣ್ಣು ಕಾಣದ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ ಕಾಗದದಲ್ಲಿ ಏನಿದೆ ಅಂತ ಪೂರ್ತಿ ಓದಿ ಹೇಳಿ, ಬೇರೆ ಮಕ್ಕಳಿಗೂ ತಿಳಿಸಿ.

ಚರ್ಚು ಮಾಡಬೇಕಾದದ್ದು

ವರ್ಷಕ್ಕೊಮ್ಮೆ ಹಿರಿಯರ ಭಾನುವಾರ ಮಾಡಿ ಶಾಲು ಹೊದಿಸುತ್ತೇವೆ. ಕಥೋಲಿಕ ಸಭೆಯಲ್ಲಿ ಪೋಪ್ ಫ್ರಾನ್ಸಿಸ್ 2021ರಿಂದ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವಾಗಿ ಗೊತ್ತುಮಾಡಿದರು. ಒಳ್ಳೆಯ ದಿನ, ಮಾಡಿ. ಆ ದಿನ ಬರಲು ಆಗದವರ ಪಟ್ಟಿ ಮಾಡುವುದಕ್ಕೆ ಅದನ್ನು ಬಳಸಿ.

ಪಟ್ಟಿ ಮುಖ್ಯ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಸಭೆಯಲ್ಲಿ ಗುಣುಗುಟ್ಟುವಿಕೆ ಶುರುವಾದದ್ದು ಇದಕ್ಕೇ: ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಟ್ಟಿದ್ದರು. ಅಪೊಸ್ತಲರು ಪ್ರಾರ್ಥನೆ ಮಾಡೋಣ ಅಂದು ಸುಮ್ಮನಾಗಲಿಲ್ಲ, ಏಳು ಮಂದಿಯನ್ನು ಆರಿಸಲು ಸಭೆಗೆ ಹೇಳಿ, ಅವರನ್ನು ಆ ಕೆಲಸಕ್ಕೇ ನೇಮಿಸಿದರು. ನಿಮ್ಮ ಸಭೆಯಲ್ಲೂ ಒಂದು ನೋಟ್‌ಬುಕ್ ಇಡಿ. ಎಪ್ಪತ್ತು ದಾಟಿದವರ ಹೆಸರು, ಒಬ್ಬರೇ ಇದ್ದಾರಾ, ಮಕ್ಕಳು ಎಲ್ಲಿದ್ದಾರೆ, ಕೊನೆಯ ಸಲ ಯಾರು ಯಾವಾಗ ಹೋಗಿದ್ದರು. ಮಕ್ಕಳಿಲ್ಲದವರು, ಮದುವೆಯಾಗದೆ ಉಳಿದ ಟೀಚರಮ್ಮ, ನರ್ಸಮ್ಮಂದಿರು ಈ ಪಟ್ಟಿಯಲ್ಲಿ ಮೇಲೆ ಇರಲಿ. ಜೀವಮಾನವೆಲ್ಲ ಬೇರೆಯವರ ಮಕ್ಕಳನ್ನು ನೋಡಿಕೊಂಡವರು ಅವರು.

ಕಟ್ಟಡದ ಒಳಗೆ: ಮೆಟ್ಟಿಲ ಪಕ್ಕ ಕಂಬಿ, ಗಾಲಿಕುರ್ಚಿಗೆ ಇಳಿಜಾರು ದಾರಿ, ಕೈ ಊರಿ ಏಳಲು ಆಗುವ ಕುರ್ಚಿಗಳು ಮುಂದಿನ ಸಾಲಿನಲ್ಲಿ, ಹತ್ತಿರದಲ್ಲಿ ಕಮೋಡ್ ಇರುವ ಶೌಚಾಲಯ. ಇದಿಲ್ಲದ ಕಾರಣಕ್ಕೇ ಎಷ್ಟೋ ಅಜ್ಜಿಯರು ಭಾನುವಾರ ಬೆಳಿಗ್ಗೆ ನೀರೇ ಕುಡಿಯದೆ ಬರುತ್ತಾರೆ, ಆಮೇಲೆ ಬರುವುದನ್ನೇ ನಿಲ್ಲಿಸುತ್ತಾರೆ. ಅರ್ಧ ಗಂಟೆ ನಿಂತು ಹಾಡುವ ಕಡೆ ‘ಆಗದವರು ಕುಳಿತುಕೊಳ್ಳಿ’ ಅಂತ ಪ್ರತಿ ವಾರ ಬಾಯಿಬಿಟ್ಟು ಹೇಳಿ. ಸ್ಪೀಕರ್ ಜೋರು ಮಾಡಿದರೆ ಅವರಿಗೆ ಕೇಳಿಸುತ್ತದೆ ಅಂದುಕೊಳ್ಳಬೇಡಿ, ಹಿಯರಿಂಗ್ ಏಡ್ ಹಾಕಿದವರಿಗೆ ಡ್ರಮ್ಸ್ ಸದ್ದು ಹಿಂಸೆ. ಒಂದೆರಡು ಹಳೆಯ ಕೀರ್ತನೆ ಇರಲಿ, ನಿಧಾನವಾಗಿ ಹಾಡಿ.

ಮನೆಗೆ ಕರ್ತನ ಭೋಜನ ತೆಗೆದುಕೊಂಡು ಹೋಗುವಾಗ, ಹಿಂದಿನ ದಿನವೇ ಫೋನು ಮಾಡಿ, ಅವರು ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟುಕೊಂಡು ಕಾಯಲು ಇಷ್ಟಪಡುತ್ತಾರೆ. ಪಾಸ್ಟರ್ ಜೊತೆ ಇನ್ನೊಬ್ಬರು ಹೋಗಲಿ, ಯುವಕರಾದರೆ ಇನ್ನೂ ಒಳ್ಳೆಯದು. ಒಂದು ಚರಣವಾದರೂ ಹಾಡಿ. ಯಾರ ಮದುವೆಯಾಯಿತು, ಯಾರಿಗೆ ಮಗು ಹುಟ್ಟಿತು ಅಂತ ಸಭೆಯ ಸುದ್ದಿ ಹೇಳಿ. ಆರಾಧನೆಯ ಲೈವ್ ವಿಡಿಯೋ ಹಾಕುತ್ತೇವಲ್ಲ ಅಂತ ಭೇಟಿ ಬಿಡಬೇಡಿ.

ಅವರಿಂದ ಕೆಲಸವನ್ನೂ ಕೇಳಿ. ದೇವರ ಗುಡಾರದ ಸೇವೆ ಮಾಡುತ್ತಿದ್ದ ಲೇವಿಯರಿಗೆ 50 ವರ್ಷವಾದ ಮೇಲೆ ಭಾರದ ಕೆಲಸದಿಂದ ಬಿಡುವು, ಆದರೆ ತಮ್ಮ ಸಹೋದರರಿಗೆ ನೆರವಾಗುತ್ತಾ ಗುಡಾರದ ಹತ್ತಿರವೇ ಇರಬಹುದಿತ್ತು (ಅರಣ್ಯಕಾಂಡ 8:24-26). ಈ ವ್ಯವಸ್ಥೆ ನನಗೆ ತುಂಬಾ ಇಷ್ಟ. ಪೂರ್ತಿ ಬಿಡಿಸಿ ಕಳುಹಿಸುವುದೂ ಇಲ್ಲ, ಸಾಯುವವರೆಗೆ ದುಡಿಸುವುದೂ ಇಲ್ಲ. ಪ್ರಾರ್ಥನೆಗೆ ಬೇಕಾದವರ ಹೆಸರುಗಳನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ, ಮುಂದಿನ ವಾರ ಹೋಗಿ ಏನಾಯಿತು ಅಂತ ಅವರಿಗೆ ತಿಳಿಸಿ. 84 ವರ್ಷದ ಅನ್ನಳು ದೇವಾಲಯದಲ್ಲಿ ಮಾಡುತ್ತಿದ್ದದ್ದು ಇದೇ ಕೆಲಸ (ಲೂಕ 2:36-38).

ನಮಗೇ ವಯಸ್ಸಾಗುತ್ತಿರುವಾಗ

ಐವತ್ತು ದಾಟಿದವರು ಈಗಲೇ ರೂಢಿ ಮಾಡಿಕೊಳ್ಳಬೇಕಾದದ್ದು ಇದೆ. ಒಂದು, ಸಹಾಯ ತೆಗೆದುಕೊಳ್ಳುವುದು. ಪೇತ್ರನಿಗೆ ಯೇಸು ಹೇಳಿದರು, ಹರೆಯದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟಬಂದ ಕಡೆ ಹೋದೆ, ಮುದುಕನಾದಾಗ ಕೈ ಚಾಚುವೆ, ಇನ್ನೊಬ್ಬನು ನಿನಗೆ ನಡುಕಟ್ಟುವನು ಅಂತ (ಯೋಹಾನ 21:18). ಪೇತ್ರ ಹೇಗೆ ಸಾಯುತ್ತಾನೆ ಅನ್ನುವುದಕ್ಕೆ ಹೇಳಿದ ಮಾತು ಅದು, ಆದರೂ ವಯಸ್ಸಾದ ಎಲ್ಲರಿಗೂ ಅದರಲ್ಲಿ ನಿಜ ಕಾಣುತ್ತದೆ. ಯಾರಾದರೂ ಕೈ ಹಿಡಿದು ಮೆಟ್ಟಿಲು ಇಳಿಸಲು ಬಂದರೆ ಕೊಡವಬೇಡಿ, ‘ಬಾಪ್ಪಾ’ ಅಂದು ಕೈ ಕೊಡಿ.

ಎರಡು, ಜಾಗ ಬಿಡುವುದು. ಬರ್ಜಿಲ್ಲೈ ತನಗೆ ಸಿಕ್ಕ ಅವಕಾಶಕ್ಕೆ ಕಿಮ್ಹಾಮನನ್ನು ಕಳಿಸಿದ. ಇಪ್ಪತ್ತು ವರ್ಷದಿಂದ ಕಮಿಟಿಯಲ್ಲಿ ಖಜಾಂಚಿಯಾಗಿರುವವರು ಲೆಕ್ಕ ಚೆನ್ನಾಗಿ ಬರುವ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ, ಬದುಕಿರುವಾಗಲೇ ಬೀಗದ ಕೈ ಕೊಡಿ. ಅವಳು ಬೇರೆ ರೀತಿ ಮಾಡಿದರೆ ತಿದ್ದಲು ಹೋಗಬೇಡಿ, ಕೇಳಿದರೆ ಹೇಳಿ.

ಮೂರನೆಯದು, ನೆನಪುಗಳನ್ನು ಕೊಡುವುದು. ಮುಪ್ಪಿನಲ್ಲಿ ನನ್ನ ಕೈಬಿಡಬೇಡ, ಮುಂದಿನ ತಲೆಮಾರಿಗೆ ನಿನ್ನ ಬಲವನ್ನು ಸಾರುವ ತನಕ ಅಂತ 71ನೇ ಕೀರ್ತನೆಯ ಕವಿ ಬೇಡಿಕೊಳ್ಳುತ್ತಾನೆ. ಮೊಮ್ಮಕ್ಕಳಿಗೆ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅನ್ನುವುದರಿಂದ ಏನೂ ಸಿಗುವುದಿಲ್ಲ. ಕೆಲಸ ಹೋದ ವರ್ಷ ಮನೆ ಹೇಗೆ ನಡೆಯಿತು, ಯಾವ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲ, ಆಗ ನೀವು ದೇವರಿಗೆ ಏನಂದಿರಿ, ಇದನ್ನು ಹೇಳಿ. ಮಕ್ಕಳು ಕೇಳುತ್ತಾರೆ.

ಆಸ್ಪತ್ರೆಯ ಕೊನೆಯ ದಿನಗಳ ಬಗ್ಗೆಯೂ ಬುದ್ಧಿ ಸರಿಯಾಗಿರುವಾಗಲೇ ಮಕ್ಕಳ ಹತ್ತಿರ ಮಾತಾಡಿ. ವಾಸಿಯಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ, 2023ರಲ್ಲಿ ಅದನ್ನು ಸುಲಭ ಮಾಡಿದೆ: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಇದು ದೇವರು ಕೊಟ್ಟ ಜೀವವನ್ನು ತೆಗೆದಂತೆ ಅಲ್ಲವಾ ಅಂತ ಕೆಲವರು ಕೇಳುತ್ತಾರೆ. ಜೀವ ತೆಗೆಯುವುದು ಬೇರೆ, ಪ್ರಯೋಜನವಿಲ್ಲದೆ ಹಿಂಸೆ ಮಾತ್ರ ಕೊಡುವ ಚಿಕಿತ್ಸೆ ಬೇಡ ಅನ್ನುವುದು ಬೇರೆ, ಕಥೋಲಿಕ ಸಭೆಯ ಬೋಧನೆಯೂ ಈ ವ್ಯತ್ಯಾಸ ಮಾಡುತ್ತದೆ.

ಮರೆವು ಬಂದಾಗ

ಮೊದಲು ಒಂದು ಎಚ್ಚರಿಕೆ. ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಏನೇನೋ ಮಾತಾಡಿದರೆ ಅದು ವಯಸ್ಸಿನ ಮರೆವು ಅಂತ ಬಿಡಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಹೊಸ ಮಾತ್ರೆ ಯಾವುದೂ ಆಗಿರಬಹುದು, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಧಾನವಾಗಿ ಬರುವ ಮರೆವಿನಲ್ಲಿ ವಾದ ಮಾಡಬೇಡಿ. ಎಂದೋ ತೀರಿಕೊಂಡ ತಂಗಿಯನ್ನು ಕರಿ ಅಂದರೆ ‘ಅವಳು ಸತ್ತು ಹತ್ತು ವರ್ಷ ಆಯ್ತಮ್ಮ’ ಅನ್ನಬೇಡಿ, ಪ್ರತಿ ಸಲವೂ ಆಕೆಗೆ ಅದು ಹೊಸ ಸಾವು. ‘ತಂಗಿ ನೆನಪಾಯ್ತಾ, ಅವಳ ಬಗ್ಗೆ ಹೇಳು’ ಅನ್ನಿ. ಹೊಸ ಸುದ್ದಿ ಉಳಿಯದಿದ್ದರೂ ಹಳೆಯ ಹಾಡು ಬಹಳ ದಿನ ಉಳಿಯುತ್ತದೆ. ಮಗನ ಹೆಸರು ಮರೆತವರು 23ನೇ ಕೀರ್ತನೆಯನ್ನೋ ಕರ್ತನ ಪ್ರಾರ್ಥನೆಯನ್ನೋ ನೀವು ಶುರುಮಾಡಿದರೆ ಜೊತೆಗೆ ಹೇಳುವುದುಂಟು. ದಿನಾ ಸಂಜೆ ಒಂದೇ ಹೊತ್ತಿಗೆ ಮಾಡಿ. ನರೆಬರುವವರೆಗೂ ನಾನೇ ಹೊತ್ತುಕೊಳ್ಳುತ್ತೇನೆ ಅಂತ ದೇವರು ಯೆಶಾಯ 46:4ರಲ್ಲಿ ಹೇಳುತ್ತಾರೆ. ಆಕೆಗೆ ಅದು ನೆನಪಿರಬೇಕು ಅನ್ನುವ ಷರತ್ತು ಅಲ್ಲಿಲ್ಲ.

ಕೊನೆಗೆ, ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ತೀರಿಕೊಂಡ ಮೇಲಿನ ದಿನಗಳು. ಮಣ್ಣು ಮಾಡುವವರೆಗೆ ಸಭೆಯೇ ಬಂದು ನಿಲ್ಲುತ್ತದೆ. ಒಂದು ತಿಂಗಳಾದ ಮೇಲೆ ಯಾರೂ ಬರುವುದಿಲ್ಲ, ಆಗ ಬ್ಯಾಂಕು, ಕುಟುಂಬ ಪಿಂಚಣಿ, ರೇಷನ್ ಕಾರ್ಡು, ಗ್ಯಾಸು ಎಲ್ಲ ಒಟ್ಟಿಗೆ ಬರುತ್ತದೆ. ಕಮಿಟಿಯಲ್ಲಿ ಒಬ್ಬರು ಈ ಕೆಲಸ ವಹಿಸಿಕೊಳ್ಳಲಿ: ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆಸುವುದು, ಜೊತೆಗೆ ಹೋಗಿ ಅರ್ಜಿ ತುಂಬುವುದು. ಆದಾಯ ಕಡಿಮೆ ಇದ್ದು 65 ದಾಟಿದ್ದರೆ ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿಯ ಬಗ್ಗೆ ವಿಚಾರಿಸುವುದು. ಕೇಂದ್ರ ಸರ್ಕಾರದ ಪಿಂಚಣಿ ಬರುವವರಿಗೆ ಪ್ರತಿ ನವೆಂಬರಿನಲ್ಲಿ, 80 ದಾಟಿದವರಾದರೆ ಅಕ್ಟೋಬರ್ 1ರಿಂದಲೇ, ಲೈಫ್ ಸರ್ಟಿಫಿಕೇಟ್, ಅಂದರೆ ಬದುಕಿದ್ದೇವೆ ಅನ್ನುವ ಪ್ರಮಾಣಪತ್ರ, ಕೊಡಬಹುದು ಅಂತ ನೆನಪಿಸುವುದು. ಈಗ ಅದನ್ನು ಮನೆಯಲ್ಲೇ, ಫೋನಿನಲ್ಲಿ ಮುಖ ತೋರಿಸಿ ಮಾಡಿಮುಗಿಸಬಹುದು. ಯುವಕರ ಕೂಟದ ಇಬ್ಬರು ಒಂದು ಶನಿವಾರ ಹೊರಟರೆ ಸಭೆಯ ಎಲ್ಲ ಪಿಂಚಣಿದಾರರದ್ದೂ ಆಗಿಹೋಗುತ್ತದೆ. ಆಧಾರ್ ಕಾರ್ಡು, ಪಿಂಚಣಿ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಮೂರನ್ನೂ ತೆಗೆದಿಟ್ಟುಕೊಂಡಿರಿ ಅಂತ ಹಿಂದಿನ ಭಾನುವಾರವೇ ಹೇಳಿರಲಿ.